ಹದಿನೆಂಟು ಸಾವಿರದ ಚೀಟಿ

ನನ್ನ ಸೋದರಮಾವ ಶಾಲೆಯ ಮೆಟ್ಟಿಲು ಹತ್ತಿದ್ದು ಎರಡೇ ವರ್ಷ. ಆದರೆ ಇಂಡಿಯಲ್ಲಿ ನಿಂಬೆಹಣ್ಣಿನ ಚೀಲ ಇಳಿಸಿದನೆಂದರೆ, ಗುಮಾಸ್ತ ಪೆನ್ನಿನ ಟೋಪಿ ತೆಗೆಯುವುದರೊಳಗೆ ಅವನ ಲೆಕ್ಕ ಮುಗಿದಿರುತ್ತದೆ. ಅಂಥವನ ಕೈಗೆ ಒಮ್ಮೆ ತಪ್ಪು ಚೀಟಿ ಹೋಯಿತು. ತಪ್ಪು ಮಾಡಿದವನು ನಾನೇ.

ಸಿಂದಗಿಯಲ್ಲಿ ಹುಡುಗರಿಗೆ ಕಂಪ್ಯೂಟರ್ ಪಾಠ ಹೇಳುವುದು ನನ್ನ ಕೆಲಸ. ಪರಿಚಯದ ಅಡತಿ ಅಂಗಡಿಯವರು ಕೇಳಿದರೆಂದು ಪೈಥಾನ್ ಭಾಷೆಯಲ್ಲಿ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಅದರಲ್ಲಿ ಮುಖ್ಯವಾದದ್ದು ಒಂದು ಫಂಕ್ಷನ್. ಎಷ್ಟು ಚೀಲ, ಚೀಲಕ್ಕೇನು ದರ, ಚೀಲಕ್ಕೆಷ್ಟು ಹಮಾಲಿ ಎಂದು ಮೂರು ಸಂಗತಿ ಅದರ ಕೈಗಿಟ್ಟರೆ, ದರದಲ್ಲಿ ಹಮಾಲಿ ಕಳೆದು ಚೀಲದಿಂದ ಗುಣಿಸಿಕೊಡುತ್ತದೆ. ಹೀಗೆ ಕೈಗಿಡುವುದಕ್ಕೆ ಆರ್ಗ್ಯುಮೆಂಟ್ ಎನ್ನುತ್ತಾರೆ. ಜಗಳಕ್ಕೂ ಅದಕ್ಕೂ ಸಂಬಂಧವಿಲ್ಲ.

ಸಿ, ಜಾವಾ ಭಾಷೆಗಳಲ್ಲಿ ಇಂಥ ಕಡೆ ಸಂಖ್ಯೆಯೇ ಬರಬೇಕೆಂದು ಮೊದಲೇ ಬರೆದಿಡಬೇಕು. ತಪ್ಪಿದ್ದರೆ ಪ್ರೋಗ್ರಾಂ ಓಡುವ ಮುಂಚೆಯೇ ಕಂಪೈಲರ್ ಗದರುತ್ತದೆ. 1991ರಲ್ಲಿ ಗೈಡೊ ವಾನ್ ರೋಸಮ್ ಹೊರತಂದ ಪೈಥಾನಿನಲ್ಲಿ ಆ ಕಟ್ಟುಪಾಡಿಲ್ಲ. 2015ರಿಂದ ಬಗೆಯನ್ನು ಬರೆದಿಡುವ ಸೌಲಭ್ಯ ಬಂದಿದೆ ನಿಜ, ಆದರೆ ಓಡುವಾಗ ಭಾಷೆ ತಾನಾಗಿ ಅದನ್ನು ನೋಡುವುದಿಲ್ಲ. ಆರ್ಗ್ಯುಮೆಂಟುಗಳ ಎಣಿಕೆ ತಪ್ಪಿದರೆ ಪೈಥಾನ್ ತಕರಾರು ಮಾಡುತ್ತದೆ. ಜಾವಾಸ್ಕ್ರಿಪ್ಟ್ ಅದನ್ನೂ ಮಾಡುವುದಿಲ್ಲ.

ಈ ಸಡಿಲಿನ ಬಿಸಿ ನನಗೆ ಮೊದಲೇ ತಟ್ಟಿತ್ತು. ಗುಮಾಸ್ತ ಒತ್ತಿದ 40 ಸಂಖ್ಯೆಯಾಗದೆ ಬರೀ ಅಕ್ಷರವಾಗಿ ಒಳಗೆ ಹೋಗಿತ್ತು. ಅಕ್ಷರವನ್ನು 590ರಿಂದ ಗುಣಿಸೆಂದರೆ ಪೈಥಾನ್ ಅದನ್ನು 590 ಸಲ ಸಾಲಾಗಿ ಬರೆಯುತ್ತದೆ. ಪ್ರಿಂಟರಿನಿಂದ 404040 ಎಂದು ಮೊಳದುದ್ದದ ಕಾಗದ ಹೊರಬಂದು ಅಂಗಡಿಯವರೆಲ್ಲ ನಕ್ಕರು. ಅಂದೇ ಫಂಕ್ಷನ್ ಕರೆಯುವ ಮೊದಲು ತಪಾಸಣೆ ಹಾಕಿದೆ: ಮೂರೂ ಸಂಖ್ಯೆಯೇ? ಸೊನ್ನೆಗಿಂತ ಹೆಚ್ಚಿವೆಯೇ? ಇನ್ನು ಭಯವಿಲ್ಲ ಎಂದುಕೊಂಡೆ.

ಮಾವ ನಲವತ್ತು ಚೀಲ ತಂದ ದಿನ ದರ 600, ಹಮಾಲಿ 10. ಚೀಟಿಯಲ್ಲಿ 18,000 ಎಂದು ಬಂತು.

"ತಮ್ಮಾ, ನಲವತ್ತ ಚೀಲಕ್ಕ ಆರನೂರರಂಗ ಇಪ್ಪತ್ನಾಕ ಸಾವಿರ. ಹಮಾಲಿ ನಾನೂರ ತಗದ್ರ ಇಪ್ಪತ್ಮೂರ ಸಾವಿರದ ಆರನೂರ. ಉಳದದ್ದ ನಿನ್ನ ಮಷಿನ್ ತಿಂತೇನು?"

ಹಿಂದಿನ ವಾರ ಹೊಸ ಪುಟವೊಂದನ್ನು ಸೇರಿಸುವಾಗ ನಾನು ಚೀಲದ ಜಾಗದಲ್ಲಿ ದರವನ್ನೂ ದರದ ಜಾಗದಲ್ಲಿ ಚೀಲವನ್ನೂ ಇಟ್ಟಿದ್ದೆ. ನಲವತ್ತರಲ್ಲಿ ಹತ್ತು ಕಳೆದು ಮೂವತ್ತು, ಅದನ್ನು ಆರುನೂರರಿಂದ ಗುಣಿಸಿ ಹದಿನೆಂಟು ಸಾವಿರ. ಎರಡೂ ಸಂಖ್ಯೆಗಳೇ, ಎರಡೂ ಸೊನ್ನೆಗಿಂತ ಹೆಚ್ಚು. ನನ್ನ ತಪಾಸಣೆ ಕಣ್ಣು ಮುಚ್ಚಿ ಒಳಗೆ ಬಿಟ್ಟಿತು. ಮೊಳದುದ್ದದ ಕಾಗದ ಬಂದಾಗ ತಪ್ಪೆಂದು ಕುರುಡನಿಗೂ ತಿಳಿಯುತ್ತಿತ್ತು. ಈ ಚೀಟಿ ನೋಡಲು ಸರಿಯಾಗೇ ಇತ್ತು. ಆ ವಾರದ ಚೀಟಿಗಳನ್ನೆಲ್ಲ ಕೂತು ತಿದ್ದಿದೆವು. ಇನ್ನಿಬ್ಬರಿಗೆ ಹಣ ಕಡಿಮೆ ಹೋಗಿತ್ತು. ಅವರು ಕೇಳಿಯೇ ಇರಲಿಲ್ಲ, ಅಂಗಡಿಯವರು ಕರೆದು ಕೊಟ್ಟರು.

ಪೈಥಾನ್ ಮೂರನೆಯ ಆವೃತ್ತಿ 2008ರಲ್ಲಿ ಬಂದಾಗಿನಿಂದ ಇದಕ್ಕೊಂದು ಉಪಾಯವಿದೆ. ಫಂಕ್ಷನ್ ಬರೆಯುವಾಗ ಆವರಣದೊಳಗೆ ಮೊದಲು ಒಂದು ನಕ್ಷತ್ರ ಚಿಹ್ನೆ ಇಟ್ಟರೆ, ಪ್ರತಿ ಆರ್ಗ್ಯುಮೆಂಟನ್ನೂ ಹೆಸರು ಹಿಡಿದೇ ಕೊಡಬೇಕಾಗುತ್ತದೆ: ಚೀಲ ಇಷ್ಟು, ದರ ಇಷ್ಟು ಎಂದು. ಸಾಲು ತಿರುಗುಮುರುಗಾದರೂ ಲೆಕ್ಕ ಕೆಡದು. ಒಂದೇ ಒಂದು ಚಿಹ್ನೆ! ಮೊದಲೇ ಹಾಕಬಾರದಿತ್ತೇ ಎಂದು ಈಗಲೂ ಅನಿಸುತ್ತದೆ.

ಈ ಕಥೆ ಕೇಳಿದ ನನ್ನ ಮಗಳು ಇನ್ನೊಂದು ಅತಿಗೆ ಹೋದಳು. ಕಾಲೇಜಿನ ಸ್ಪರ್ಧೆಗೆ ಹೆಸರು ನೋಂದಾಯಿಸುವ ಪ್ರೋಗ್ರಾಮಿನಲ್ಲಿ ತಾಲ್ಲೂಕಿನ ಹೆಸರಿಗೂ ತಪಾಸಣೆ ಹಾಕಿದಳು. ಬರೀ "ಬಾಗೇವಾಡಿ" ಎಂದರೆ ಬೆಳಗಾವಿ ಕಡೆಯ ಹಿರೇಬಾಗೇವಾಡಿಯೂ ಆಗಬಹುದಲ್ಲ, ಅದಕ್ಕೇ. ಹಳೆಯ ನಕಾಶೆ ನೋಡಿ ವಿಜಯಪುರ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಇಷ್ಟನ್ನೇ ಪಟ್ಟಿ ಮಾಡಿದ್ದಳು. ತಾಳಿಕೋಟಿಯ ಹುಡುಗಿಯೊಬ್ಬಳು ಮೂರು ಸಲ ತುಂಬಿದರೂ "ತಪ್ಪು ತಾಲ್ಲೂಕು" ಎಂದೇ ಬಂತು. ಮುದ್ದೇಬಿಹಾಳದಿಂದ ತಾಳಿಕೋಟಿ, ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರಹಿಪ್ಪರಗಿ ಬೇರೆಯಾಗಿ ವರ್ಷಗಳಾಗಿವೆ. ಪಾಪ, ಆ ಹುಡುಗಿ ಸರಿಯಾಗೇ ಬರೆದಿದ್ದಳು.

ಮಗಳು ಫೋನ್ ಮಾಡಿ ಕ್ಷಮೆ ಕೇಳಿದಳು. ಆಮೇಲೆ ಪಟ್ಟಿಯನ್ನು ಪ್ರೋಗ್ರಾಮಿನಿಂದ ತೆಗೆದು, ಯಾರು ಬೇಕಾದರೂ ತಿದ್ದಬಹುದಾದ ಬೇರೊಂದು ಕಡತದಲ್ಲಿಟ್ಟಳು.