ಪಾವಲರ ಹಾರ್ಮೋನಿಯಂ, ಮಾವನ ಹಾಡು

ನಾನು ಕಾಸರಗೋಡಿಗೆ ಬಂದು ನಾಲ್ಕು ದಶಕಗಳ ಮೇಲಾಯಿತು. ಇಂದಿಗೂ ಹೊಸಬರು ಯಾರಾದರೂ ಮಾತಿನ ನಡುವೆ "ನಿಮ್ಮ ಮೂಲ ಎಲ್ಲಿ?" ಎಂದು ಕೇಳುವುದುಂಟು. "ಕಂಬಂ" ಎನ್ನುತ್ತೇನೆ. ಅವರಿಗೆ ಗೊತ್ತಾಗುವುದಿಲ್ಲ. "ತಮಿಳುನಾಡಿನ ತೇಣಿ ಜಿಲ್ಲೆ, ಕುಮಳಿ ಘಾಟಿ ಇಳಿದರೆ ಸಿಗುವ ಕಣಿವೆ" ಎಂದು ವಿವರಿಸಿದ ಮೇಲೆ ಮುಖ ಅರಳುತ್ತದೆ. "ಓ, ಇಳಯರಾಜರ ಊರಿನ ಕಡೆಯವರು!"

ಹೌದು. ಇಳಯರಾಜರ ಪಣ್ಣೈಪುರಂ ನಮ್ಮೂರಿಗೆ ದೂರವಲ್ಲ. ಉತ್ತಮಪಾಳಯದಿಂದ ಕೋಂಬೈ ದಾಟಿ ತೇವಾರಂ ಕಡೆಗೆ ಹೋಗುವ ದಾರಿಯಲ್ಲಿ, ಬೆಟ್ಟದ ಬುಡದಲ್ಲಿದೆ. ಆದರೆ ನಮ್ಮ ಮನೆಯಲ್ಲಿ, ಅದರಲ್ಲೂ ನನ್ನ ಸೋದರಮಾವನ ಬಾಯಲ್ಲಿ, ಮೊದಲು ಬರುತ್ತಿದ್ದ ಹೆಸರು ಇಳಯರಾಜರದಲ್ಲ. ಅವರ ದೊಡ್ಡಣ್ಣ ಪಾವಲರ್ ವರದರಾಜನ್ ಅವರದು. ತಮಿಳಿನಲ್ಲಿ ಪಾವಲರ್ ಎಂದರೆ ಕವಿ. ಇಂದು ಆ ಹೆಸರು ಹೇಳಿದರೆ ನಮ್ಮ ಕಡೆಯ ಹುಡುಗರೇ "ಯಾರು?" ಎನ್ನುತ್ತಾರೆ. ಅದಕ್ಕೇ ಈ ನಾಲ್ಕು ಮಾತು.

ಮೊದಲು ನಮ್ಮ ವಿಷಯ ಒಂದಿಷ್ಟು ಹೇಳಬೇಕು. ಕಂಬಂ ಕಣಿವೆಯಲ್ಲಿ ಕನ್ನಡ ಮಾತಾಡುವ ಒಕ್ಕಲಿಗರ ಮನೆಗಳು ತಲೆಮಾರುಗಳಿಂದ ಇವೆ. ಸುತ್ತಲಿನವರು ನಮ್ಮನ್ನು ಕಪ್ಪಿಲಿಯರ್ ಎನ್ನುತ್ತಾರೆ. ಕನ್ನಡ ಮಾತಾಡುವ ದೇವಾಂಗ ನೇಕಾರರೂ ಆ ಸೀಮೆಯಲ್ಲಿದ್ದಾರೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅಕ್ಷರವೆಂದರೆ ತಮಿಳಿನದೇ. ಅಜ್ಜಿ ಹಾಡುತ್ತಿದ್ದ ಹಾಡು ಕನ್ನಡ, ಅದನ್ನು ಬರೆದಿಡಲು ಯಾರ ಕೈಯಲ್ಲೂ ಕನ್ನಡ ಅಕ್ಷರವಿರಲಿಲ್ಲ. ನಾನು ಕನ್ನಡ ಓದಲು ಕಲಿತದ್ದೇ ಇಲ್ಲಿಗೆ ನೌಕರಿಗೆ ಬಂದ ಮೇಲೆ, ಪಕ್ಕದ ಮನೆಯ ಮಗುವಿನ ಒಂದನೇ ತರಗತಿಯ ಪುಸ್ತಕ ಎರವಲು ಪಡೆದು. ಕಾಸರಗೋಡಿನ ಕನ್ನಡಿಗರ ಸಂಕಟವನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ದಿನವೇ, ತಮಿಳರು ತಮಗೆ ಬೇಕೆಂದು ಹೋರಾಡಿದ್ದ ದೇವಿಕುಳಂ, ಪೀರುಮೇಡು ತಾಲೂಕುಗಳೂ ಕೇರಳದಲ್ಲೇ ಉಳಿದವು. ಒಂದೇ ಗೆರೆ, ಎರಡು ತುದಿಗಳಲ್ಲಿ ಎರಡು ಭಾಷೆಯವರ ಎದೆಯ ಮೇಲೆ ಹಾದುಹೋಯಿತು.

ಪಾವಲರ ಕಥೆ ತಿರುವು ಪಡೆಯುವುದೂ ಆ ದೇವಿಕುಳಂನಲ್ಲೇ. 1957ರಲ್ಲಿ ಅಲ್ಲಿಂದ ಗೆದ್ದ ಕಮ್ಯೂನಿಸ್ಟ್ ಪಕ್ಷದ ರೋಸಮ್ಮ ಪುನ್ನೂಸ್ ಅವರ ಆಯ್ಕೆಯನ್ನು ಕೋರ್ಟು ರದ್ದು ಮಾಡಿತು. ಎದುರಾಳಿಯ ನಾಮಪತ್ರವನ್ನು ತಪ್ಪಾಗಿ ತಿರಸ್ಕರಿಸಿದ್ದು ಕಾರಣ. 1958ರಲ್ಲಿ ಮರುಚುನಾವಣೆ. ಇ.ಎಂ.ಎಸ್. ಸರ್ಕಾರದ ಬಹುಮತವೇ ತೆಳ್ಳಗಿದ್ದ ಕಾಲ, ಹಾಗಾಗಿ ಒಂದು ಸ್ಥಾನಕ್ಕೂ ಬೆಲೆಯಿತ್ತು. ಓಟು ಹಾಕುವವರಲ್ಲಿ ಬಹಳ ಮಂದಿ ಚಹಾ ತೋಟದ ತಮಿಳು ಕೂಲಿಗಳು. ಅವರಿಗೆ ಮಲಯಾಳದ ಭಾಷಣ ನಾಟುವುದು ಹೇಗೆ? ಆಗ ಘಾಟಿ ಹತ್ತಿದ್ದು ವರದರಾಜನ್ ಅವರ ಹಾರ್ಮೋನಿಯಂ. ಕೂಲಿಗಳಿಗೆ ಬಾಯಿಪಾಠವಾಗಿದ್ದ ಸಿನಿಮಾ ಮಟ್ಟುಗಳಿಗೆ ಕೂಲಿ, ಹಸಿವು, ಓಟಿನ ಮಾತುಗಳನ್ನು ಕೂರಿಸಿ ಹಾಡುವುದು ಅವರ ವಿದ್ಯೆ. ಮಟ್ಟು ಗೊತ್ತಿದ್ದುದರಿಂದ ಎರಡನೇ ಸಾಲಿಗೆ ಜನ ತಾವೇ ದನಿ ಸೇರಿಸುತ್ತಿದ್ದರು. ರೋಸಮ್ಮ ಮತ್ತೆ ಗೆದ್ದರು. ಗೆಲುವಿನ ಹಾರ ಪಾವಲರಿಗೆ ಸಲ್ಲಬೇಕು ಎಂದು ಇ.ಎಂ.ಎಸ್. ಅವರೇ ಅಂದರೆಂಬ ಮಾತು ನಮ್ಮ ಕಣಿವೆಯಲ್ಲಿ ಇಂದಿಗೂ ಉಂಟು.

ಹದಿನಾಲ್ಕು ಹದಿನೈದರ ಹುಡುಗ ರಾಸಯ್ಯ ಅಣ್ಣನ ತಂಡಕ್ಕೆ ಸೇರಿದ್ದು ಆ ದಿನಗಳಲ್ಲೇ. ಹೆಣ್ಣು ದನಿಯ ಹಾಡುಗಳು ಅವನ ಪಾಲಿಗೆ. ದನಿ ಒಡೆದ ಮೇಲೆ ಹಾರ್ಮೋನಿಯಂ ಕೈಗೆ ಬಂತು. ಅದಕ್ಕೂ ಮುಂಚೆ ಅಣ್ಣನಿಲ್ಲದಾಗ ಅದನ್ನು ಮುಟ್ಟಿ ಏಟು ತಿಂದದ್ದನ್ನು ಇಳಯರಾಜರೇ ಹೇಳಿಕೊಂಡಿದ್ದಾರೆ. ಆಮೇಲೆ ಸುಮಾರು ಹತ್ತು ವರ್ಷ, ಅಣ್ಣತಮ್ಮಂದಿರು ಊರೂರು ತಿರುಗಿದರು.

ನನ್ನ ಮಾವ ಆಗ ಹದಿನೆಂಟರ ಹುಡುಗ. ಏಲಕ್ಕಿ ತೋಟಕ್ಕೆ ಜನ ಒಯ್ಯುವ ಲಾರಿಯಲ್ಲಿ ಕ್ಲೀನರ್. ಪಾವಲರ ಕಾರ್ಯಕ್ರಮ ಎಲ್ಲಿದ್ದರೂ ಹೋಗಿ ಕೂರುತ್ತಿದ್ದರಂತೆ. ಮುಖಂಡರ ಕಾರು ರಾತ್ರಿ ಹತ್ತಕ್ಕೆ ಬರುತ್ತದೆಂದರೆ ಹನ್ನೆರಡಕ್ಕೆ ಬರುವುದು. ಅಲ್ಲಿಯತನಕ ಜನ ಏಳದಂತೆ ಹಿಡಿದಿಡುವುದು ಹಾಡುಗಾರನ ಕೆಲಸ. "ಕಾರಿನ ದೀಪ ಕಂಡ ಕೂಡಲೇ ಹಾಡು ಅರ್ಧಕ್ಕೇ ನಿಲ್ಲುತ್ತಿತ್ತು ಮರಿ" ಎನ್ನುತ್ತಿದ್ದರು ಮಾವ. "ಜನ ಎದ್ದು ನಿಂತು ಕೈ ತಟ್ಟುವುದು ಕಾರಿನಿಂದ ಇಳಿದವರಿಗೆ. ಆ ಮನುಷ್ಯ ಬೆವರು ಒರೆಸಿಕೊಂಡು ಪೆಟ್ಟಿಗೆ ಮುಚ್ಚುತ್ತಿದ್ದ. ನಾನು ಅದನ್ನೇ ನೋಡುತ್ತಿದ್ದೆ."

ಆ ನೋಟವೇ ಮಾವನನ್ನು ಲಾರಿಯಿಂದ ಇಳಿಸಿತು. ದಿಂಡಿಗಲ್ಲಿನ ಒಂದು ಮದುವೆ ಬ್ಯಾಂಡಿಗೆ ಸೇರಿದರು. ಮೊದಲು ಮೈಸೆಟ್ಟು ಹೊರುವುದು, ಆಮೇಲೆ ಡ್ರಮ್ಮು, ಕೊನೆಗೆ ಕ್ಲಾರಿನೆಟ್. ಕೆಂಪು ಕೋಟು, ಹಳದಿ ಪಟ್ಟಿ, ಹೆಗಲ ಮೇಲೆ ಜರಿಯ ಕುಚ್ಚು. ಬೀಗರ ಮೆರವಣಿಗೆ, ಶಾಲೆಯ ವಾರ್ಷಿಕೋತ್ಸವ, ಇಗರ್ಜಿ ಹಬ್ಬ, ಹೆಣ ಎತ್ತುವಾಗಲೂ ಕೆಲವೊಮ್ಮೆ. ಬ್ಯಾಂಡಿನಲ್ಲಿ ಮೊದಲ ಕ್ಲಾರಿನೆಟ್ ಮಾಸ್ಟರದು. ಹಾಡಿನ ಎತ್ತುಗಡೆ ಅವರದೇ. ಎರಡನೆಯವನು ಕೆಳಗಿನ ಸ್ವರ ಹಿಡಿದಿರಬೇಕು, ಮಾಸ್ಟರು ಉಸಿರು ಎಳೆದುಕೊಳ್ಳುವಾಗ ಮಟ್ಟು ತುಂಡಾಗದಂತೆ ತುಂಬಬೇಕು. ಮೆರವಣಿಗೆ ಒಂದೂವರೆ ಮೈಲು ನಡೆದರೂ ಕೇಳುವವರಿಗೆ ಒಬ್ಬನೇ ನುಡಿಸಿದಂತಿರಬೇಕು. ನನ್ನ ಮಾವ ಇಪ್ಪತ್ತಾರು ವರ್ಷ ಎರಡನೆಯವರಾಗಿದ್ದರು. "ನನ್ನದು ಮಾಸ್ಟರ ಉಸಿರಿಗೆ ತೇಪೆ ಹಾಕುವ ಕೆಲಸ" ಎಂದು ನಗುತ್ತಿದ್ದರು.

ಆದರೆ ಮಾವನಿಗೆ ಒಂದು ಆಸೆಯಿತ್ತು. ಅಜ್ಜಿಯ ಒಂದು ಹಾಡು, ದನಗಳನ್ನು ಬೆಟ್ಟದಿಂದ ಕರೆಯುವ ಹಾಡು. ಕಂಬಂನಲ್ಲಿ ನಮ್ಮವರ ನಂದಗೋಪಾಲಸ್ವಾಮಿ ದನದ ದೊಡ್ಡಿ ಇದೆ, ತಂಬಿರಾನ್ ಮಾಟ್ಟುತ್ತೊಳು ಎನ್ನುತ್ತಾರೆ. ದನದ ಪೊಂಗಲಿನ ದಿನ ಅಲ್ಲಿ ಊರಿಗೆ ಊರೇ ಸೇರುತ್ತದೆ. ಅಜ್ಜಿ ಆ ದಿನ ಹಟ್ಟಿಯಲ್ಲಿ ನಿಂತು ಆ ಹಾಡು ಹೇಳುತ್ತಿದ್ದರು. ಕನ್ನಡದ ಹಾಡು. ಮಾವ ಅದನ್ನು ಕ್ಲಾರಿನೆಟ್ಟಿಗೆ ಇಳಿಸಿಕೊಂಡಿದ್ದರು. ಮೊದಲು ನಿಧಾನವಾದ ಆಲಾಪ, ಆಮೇಲೆ ಹಾಡು, ಕೊನೆಗೆ ದನದ ಗಂಟೆಯಂತೆ ಬಿಡಿ ಬಿಡಿ ಸ್ವರ. ಒಟ್ಟು ಹತ್ತು ನಿಮಿಷ. ಯಾವುದಾದರೂ ವೇದಿಕೆಯಲ್ಲಿ ಒಬ್ಬರೇ ಕೂತು ಅದನ್ನು ನುಡಿಸಬೇಕು, ನುಡಿಸುವ ಮುಂಚೆ "ಇದು ನಮ್ಮ ಮನೆಯ ಕನ್ನಡ ಹಾಡು" ಎಂದು ಹೇಳಬೇಕು. ಇಷ್ಟೇ.

ಇತ್ತ ಪಣ್ಣೈಪುರದ ಮನೆಯಲ್ಲಿ ಬೇರೆ ಕಥೆ ನಡೆದಿತ್ತು. 1968ರಲ್ಲಿ ಭಾಸ್ಕರ್, ರಾಸಯ್ಯ, ಅಮರನ್ ಮೂವರೂ ಮದ್ರಾಸಿಗೆ ಹೊರಟರು. ತಾಯಿ ಚಿನ್ನತಾಯಿ ಮನೆಯ ರೇಡಿಯೋ ಮಾರಿ 400 ರೂಪಾಯಿ ಕೊಟ್ಟು ಕಳಿಸಿದರಂತೆ. ಅಲ್ಲಿ ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸಂಗೀತದ ಪಾಠ. ಅನ್ನಕ್ಕೆ ದಾರಿ ಮಾಡಿದವರಲ್ಲಿ ಮುಖ್ಯರಾದವರು ನಮ್ಮ ಕನ್ನಡದ ಜಿ.ಕೆ. ವೆಂಕಟೇಶ್. 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ' ಚಿತ್ರಗಳಿಗೆ ಸಂಗೀತ ಕೊಟ್ಟವರು. ಅವರ ಸಹಾಯಕನಾಗಿ ಪಣ್ಣೈಪುರದ ಹುಡುಗ ದುಡಿದ ಚಿತ್ರಗಳಲ್ಲಿ ಬಹುಪಾಲು ಕನ್ನಡದವು. ಇದನ್ನು ನಾನು ಮಾವನಿಗೆ ಹೇಳಿದಾಗ ಅವರು ಎದ್ದು ಕೂತರು. "ಹಾಗಾದರೆ ನಮ್ಮ ಮಾತು ಆತನ ಕಿವಿಗೆ ಬಿದ್ದಿದೆ" ಎಂದರು. ಅದೇ ಅವರಿಗೆ ದೊಡ್ಡ ಸಂತೋಷ.

ವರದರಾಜನ್ 1973ರಲ್ಲಿ ತೀರಿಕೊಂಡರು. ತಮ್ಮನ ಮೊದಲ ಚಿತ್ರ 'ಅಣ್ಣಕ್ಕಿಳಿ' ಬಂದದ್ದು 1976ರಲ್ಲಿ. ಅದನ್ನು ನೋಡುವ ಯೋಗ ಅಣ್ಣನಿಗೆ ಇರಲಿಲ್ಲ. ರಾಸಯ್ಯನ ಹೆಸರನ್ನು ಧನರಾಜ್ ಮಾಸ್ಟರು ರಾಜ ಎಂದು ಮೊಟಕು ಮಾಡಿದ್ದರು. ಎ.ಎಂ. ರಾಜ ಎಂಬ ಗಾಯಕರು ಮೊದಲೇ ಇದ್ದುದರಿಂದ ಪಂಚು ಅರುಣಾಚಲಂ ಅದಕ್ಕೆ 'ಇಳೈಯ' ಸೇರಿಸಿದರು. ನಮ್ಮ ಮಾತಿನಲ್ಲಿ ಎಳೆಯ, ಚಿಕ್ಕವನು. ಮಾವ ಇದನ್ನು ಒಪ್ಪುತ್ತಿರಲಿಲ್ಲ. "ಎಳೆಯವನೊಬ್ಬ ಇದ್ದಾನೆಂದರೆ ಮನೆಯಲ್ಲಿ ಹಿರಿಯನೊಬ್ಬ ಇರಬೇಕಲ್ಲವೇನೋ? ಆ ಹೆಸರಿನಲ್ಲಿ ಅಣ್ಣನೂ ಇದ್ದಾನೆ. ಕೇಳುವ ಕಿವಿ ಬೇಕು" ಎನ್ನುತ್ತಿದ್ದರು. ಇತಿಹಾಸ ಹಾಗಲ್ಲ ಎಂದು ನಾನು ತಿದ್ದಲು ಹೋಗುತ್ತಿದ್ದೆ. ಈಗ ತಿದ್ದುವುದಿಲ್ಲ. ತಮ್ಮಂದಿರೇನೂ ಅಣ್ಣನನ್ನು ಮರೆಯಲಿಲ್ಲ. ಭಾಸ್ಕರ್ ಚಿತ್ರ ತೆಗೆದ ಸಂಸ್ಥೆಗೆ ಪಾವಲರ್ ಕ್ರಿಯೇಷನ್ಸ್ ಎಂದೇ ಹೆಸರು. 1981ರ 'ಅಲೈಗಳ್ ಓಯ್ವದಿಲ್ಲೈ' ಅದರದೇ. ಪರದೆಯ ಮೇಲೆ ಹೆಸರು ಬಂತು. ದನಿ ಮಾತ್ರ ಬೆಟ್ಟದ ಇಳಿಜಾರುಗಳಲ್ಲಿ ಉಳಿಯಿತು.

ಮಾವನಿಗೆ ಒಮ್ಮೆ ಅವಕಾಶ ಬಂದದ್ದುಂಟು. 1977ರ ಬೇಸಿಗೆ. ದಿಂಡಿಗಲ್ಲಿನ ಹತ್ತಿರದ ಹಳ್ಳಿಯಲ್ಲಿ ಮದುವೆ. ಮಾಸ್ಟರಿಗೆ ಜ್ವರ. ಮಾವ ಮೊದಲ ಬಾರಿಗೆ ಮುಂದೆ ನಿಂತರು. ಮದುಮಗನ ಇಳಿಬಿಡಾರದ ಮುಂದೆ ಬೆಂಚು ಹಾಕಿ "ಒಂದು ಸ್ಪೆಷಲ್ ಆಗಲಿ" ಎಂದರಂತೆ. ರಜೆಯಲ್ಲಿದ್ದ ನಾನೂ ಜೊತೆಗೆ ಹೋಗಿದ್ದೆ. ಮಾವ ರೀಡನ್ನು ನಾಲಿಗೆಯಲ್ಲಿ ಒದ್ದೆ ಮಾಡಿಕೊಂಡು ನನ್ನ ಕಡೆ ಒಮ್ಮೆ ನೋಡಿದರು. ನನಗೆ ಗೊತ್ತಾಯಿತು, ಅಜ್ಜಿಯ ಹಾಡು. ಆಲಾಪದ ನಾಲ್ಕು ಸ್ವರ ಎತ್ತಿರಬೇಕು, ಹಿಂದಿನಿಂದ ಯಾರೋ ಕೂಗಿದರು: "ಅಣ್ಣಕ್ಕಿಳಿ ಪಾಟ್ಟು!" ಇಡೀ ಬೀದಿ ಅದನ್ನೇ ಕೂಗಿತು. ಮಾವ ಅರೆಗಳಿಗೆ ನಿಂತರು. ಆಮೇಲೆ ಅಣ್ಣಕ್ಕಿಳಿ ಹಾಡನ್ನೇ ನುಡಿಸಿದರು. ಬಹಳ ಚೆನ್ನಾಗಿ ನುಡಿಸಿದರು. ಮೂರು ಸಲ ನುಡಿಸಬೇಕಾಯಿತು.

ಹಿಂದಿರುಗುವ ಬಸ್ಸಿನಲ್ಲಿ ನಾನು, "ಮಾವ, ನೀವು ನಮ್ಮ ಹಾಡನ್ನೇ ಮುಂದುವರಿಸಬೇಕಿತ್ತು" ಎಂದೆ. "ಜನ ಕೇಳಿದ್ದನ್ನು ಕೊಡದಿದ್ದರೆ ಬ್ಯಾಂಡಿನವನು ಆಗುವುದು ಯಾಕೆ?" ಎಂದರು. ಬತ್ಲಗುಂಡು ದಾಟಿದ ಮೇಲೆ ಮತ್ತೆ ಹೇಳಿದರು: "ಅದೂ ನಮ್ಮ ಕಣಿವೆಯದೇ ಮಟ್ಟು. ಆದರೂ ನನ್ನದಲ್ಲ."

1985ರಲ್ಲಿ ಮಾವ ಕಾಸರಗೋಡಿಗೆ ಬಂದು ನಮ್ಮ ಮನೆಯಲ್ಲಿ ಹತ್ತು ದಿನ ಇದ್ದರು. ಕೊಲ್ಲಿಯಿಂದ ಬಂದ ಗೆಳೆಯರೊಬ್ಬರು ಮಾರಿದ ಟೇಪ್ ರೆಕಾರ್ಡರ್ ನನ್ನಲ್ಲಿತ್ತು. ಒಂದು ಸಂಜೆ, ಮಳೆ ಬಿಟ್ಟ ಹೊತ್ತು, ಕಿಟಕಿ ಮುಚ್ಚಿ ಮಾವನನ್ನು ಕೂರಿಸಿದೆ. ಪೂರ್ತಿ ಹತ್ತು ನಿಮಿಷ ನುಡಿಸಿದರು. ಆಮೇಲೆ ಕ್ಲಾರಿನೆಟ್ ಕೆಳಗಿಟ್ಟು ಹಾಡಿಯೂ ಹಾಡಿದರು, ಅಜ್ಜಿಯ ಕನ್ನಡದಲ್ಲಿ. ನನ್ನ ಹೆಂಡತಿ ಅಡಿಗೆ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದಳು. ಮಾವನ ಒಬ್ಬಂಟಿ ಕಛೇರಿಗೆ ನಾವಿಬ್ಬರೇ ಸಭೆ.

ಓದುಗರಲ್ಲಿ ಹಿರಿಯರಿಗೆ ನೆನಪಿರಬಹುದು, ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಪುಟ್ಟ ಹಲ್ಲುಗಳಿರುತ್ತಿದ್ದವು. ಅವನ್ನು ಮುರಿದರೆ ಅದರ ಮೇಲೆ ಬೇರೆ ಏನನ್ನೂ ತುಂಬಲಾಗದು. ನಾನು ಮುರಿದಿರಲಿಲ್ಲ. ಮೂರು ವರ್ಷದ ಮೇಲೆ ಮಗಳ ಶಾಲೆಯ ಡ್ಯಾನ್ಸಿಗೆ ಅವಸರದಲ್ಲಿ ಒಂದು ಸಿನಿಮಾ ಹಾಡು ಬೇಕಾಯಿತು. ಕೈಗೆ ಸಿಕ್ಕಿದ ಕ್ಯಾಸೆಟ್ಟಿಗೆ ಹಾಡು ತುಂಬಿ, ಅಭ್ಯಾಸಕ್ಕೆಂದು ಅದನ್ನೇ ಮತ್ತೆ ಮತ್ತೆ ತುಂಬಿದೆ. ಯಾವ ಕ್ಯಾಸೆಟ್ ಎಂದು ತಿಳಿದದ್ದು ವಾರ ಕಳೆದ ಮೇಲೆ. ಮಕ್ಕಳ ಮೇಲೆ ರೇಗಿದೆ. ತಪ್ಪು ನನ್ನದೇ. ಮಾವ ಮುಂದೆ ಎರಡು ಸಲ ಬಂದರು. "ಆ ಟೇಪು ಹಾಕು" ಎಂದು ಅವರಾಗಿ ಕೇಳಲಿಲ್ಲ. ನಾನಾಗಿ ಹೇಳಲಿಲ್ಲ. ಮತ್ತೊಮ್ಮೆ ನುಡಿಸಿ ಎನ್ನಬೇಕಾದರೆ ಅಳಿಸಿದ್ದನ್ನು ಒಪ್ಪಿಕೊಳ್ಳಬೇಕಿತ್ತಲ್ಲ. ಅಷ್ಟರಲ್ಲಿ ಅವರ ಹಲ್ಲು ಬಿದ್ದವು. ಹಲ್ಲಿಲ್ಲದ ಬಾಯಿಗೆ ಕ್ಲಾರಿನೆಟ್ ನಿಲ್ಲುವುದಿಲ್ಲ.

ಮಾವ ತೀರಿಹೋಗಿ ಹನ್ನೆರಡು ವರ್ಷ. ಕ್ಯಾಸೆಟ್ ಇನ್ನೂ ಇದೆ. ಸಿನಿಮಾ ಹಾಡುಗಳು ಮುಗಿದ ಮೇಲೆ, ಬದಿಯ ತುದಿಯಲ್ಲಿ, ಮಾವನದು ಒಂದಿಷ್ಟು ಉಳಿದಿದೆ. ಹಾಡಿನ ಕೊನೆಯ ಒಂದೂವರೆ ಸಾಲು, ಒಂದು ಕೆಮ್ಮು, ಆಮೇಲೆ "ಸಾಕೇನೋ?" ಎಂಬ ಮಾತು.

ಕಳೆದ ಪೊಂಗಲಿಗೆ ಕಂಬಂಗೆ ಹೋಗಿದ್ದಾಗ ಅಕ್ಕನಿಗೆ ಅದನ್ನು ಕೇಳಿಸಿದೆ. ಅವಳಿಗೀಗ ಎಂಬತ್ತರ ಹತ್ತಿರ. ಕಣ್ಣು ಮುಚ್ಚಿ ಕೇಳಿದಳು. ಆ ಒಂದೂವರೆ ಸಾಲಿನ ಹಿಂದಿನ ಎರಡು ಸಾಲು ತಾನಾಗಿ ಅವಳ ಬಾಯಿಗೆ ಬಂತು. ಅದರ ಹಿಂದಿನದು ಬರಲಿಲ್ಲ. ನಾನು ಜೇಬಿನ ಡೈರಿ ತೆಗೆದು ಮೂರೂವರೆ ಸಾಲನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಅಕ್ಕ ಡೈರಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಅವಳಿಗೆ ಓದಲು ಬರುವುದಿಲ್ಲ. "ಅಜ್ಜಿಯ ಹಾಡು ಹೀಗೆ ಕಾಣುತ್ತದಾ?" ಎಂದಳು.

ಪಾವಲರ ಹಾರ್ಮೋನಿಯಂ ತಮ್ಮನ ಬಳಿ ಜೋಪಾನವಾಗಿ ಉಳಿಯಿತು. ಅವರಿಗೆ ಅಂಥ ತಮ್ಮನಿದ್ದ. ನನ್ನ ಮಾವನಿಗೆ ಇದ್ದವನು ನಾನು. ನಿಮ್ಮ ಮನೆಯಲ್ಲೂ ಹಿಂದೆ ನಿಂತು ಇನ್ನೊಬ್ಬರ ಉಸಿರಿಗೆ ತೇಪೆ ಹಾಕುವವರು ಯಾರಾದರೂ ಇರಬಹುದು. ಈಗ ಎಲ್ಲರ ಕಿಸೆಯಲ್ಲೂ ದನಿ ಹಿಡಿಯುವ ಯಂತ್ರವಿದೆ. ಅವರನ್ನು ಒಂದು ಸಂಜೆ ಕೂರಿಸಿ, ಅವರದೇ ಹಾಡು ಕೇಳಿ. ಹಿಡಿದಿಟ್ಟದ್ದನ್ನು ಅಳಿಸಬೇಡಿ.