ಹಳೇ ಕ್ರೂಸರ್, ಹೊಸ ಮಾಲೀಕ

ನಿಘಂಟಿನಲ್ಲಿ ಹುಡುಕಿದರೆ ಕ್ರೂಸರ್ ಎಂಬುದು ನೀರಿನ ಮೇಲೆ ಸಾಗುವ ವಾಹನ. ನೌಕಾಪಡೆಯ ಯುದ್ಧನೌಕೆಗೂ ಆ ಹೆಸರುಂಟು, ಪಶ್ಚಿಮದ ದೇಶಗಳಲ್ಲಿ ಉಳ್ಳವರು ವಿಹಾರಕ್ಕೆಂದು ಇಟ್ಟುಕೊಳ್ಳುವ ಮೋಟಾರು ದೋಣಿಗೂ ಆ ಹೆಸರುಂಟು. ಆದರೆ ಬೈಲಹೊಂಗಲದ ಬಸ್ ನಿಲ್ದಾಣದ ಹೊರಗೆ ನಿಂತು ಕ್ರೂಸರ್ ಎಲ್ಲಿ ಎಂದು ಕೇಳಿದರೆ, ಎಲ್ಲರ ಕೈಯೂ ಹಳದಿ ಬೋರ್ಡಿನ, ನೆತ್ತಿಯ ಮೇಲೆ ಕ್ಯಾರಿಯರ್ ಹೊತ್ತ ಟ್ರ್ಯಾಕ್ಸ್ ಗಾಡಿಯ ಕಡೆಗೇ ಹೋಗುತ್ತದೆ. ಇದನ್ನು ತಯಾರಿಸುವ ಪುಣೆಯ ಕಂಪನಿ ಬಜಾಜ್ ಟೆಂಪೊ ಎಂಬ ಹೆಸರನ್ನು 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಬದಲಿಸಿಕೊಂಡಿತು. ಹಳೆಯ ಮಾದರಿಗಳ ಡೀಸೆಲ್ ಇಂಜಿನ್ನಿನ ಮೂಲ ಜರ್ಮನಿಯ ಮರ್ಸಿಡಿಸ್. ಇಲ್ಲಿಯ ರೈತನಿಗೆ ಈ ವಂಶಾವಳಿ ಬೇಕಿಲ್ಲ. ಮದುವೆಗೆ, ಸೀಮಂತಕ್ಕೆ, ಕಬ್ಬಿನ ಕೆಲಸಕ್ಕೆ, ಎಲ್ಲಮ್ಮನ ಗುಡ್ಡಕ್ಕೆ ಹನ್ನೆರಡು ಜನರನ್ನು ಒಟ್ಟಿಗೆ ಒಯ್ಯುವ ಗಾಡಿ ಅದು, ಅಷ್ಟೇ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ಊರುಗಳಿಗೂ ಇಂದಿಗೂ ರೈಲಿಲ್ಲ. ನಡುವೆ ಮಲಪ್ರಭೆ ಹರಿದಿದ್ದಾಳೆ. ಸುತ್ತ ಎರೆಭೂಮಿ, ಹತ್ತಿ, ಜೋಳ, ಕಬ್ಬು. ವಾಯವ್ಯ ಸಾರಿಗೆಯ ಕೆಂಪು ಬಸ್ಸು ಬಾರದ ಹೊತ್ತಿನಲ್ಲಿ, ಬಾರದ ಹಳ್ಳಿಯಲ್ಲಿ ಕ್ರೂಸರೇ ಗತಿ. ಹಾಗಾಗಿಯೇ ಕಾಲೇಜು ಮುಗಿಸಿ ಕೆಲಸ ಸಿಗದ ಹುಡುಗನಿಗೆ ಹೊಳೆಯುವ ಮೊದಲ ಯೋಚನೆಗಳಲ್ಲಿ ಒಂದು, ಹಳೇ ಕ್ರೂಸರ್ ಕೊಂಡು ರಿಪೇರಿ ಮಾಡಿಸಿ ಓಡಿಸುವುದು. ಹೊಸದನ್ನು ಕೊಳ್ಳುವ ಶಕ್ತಿ ಮನೆಗಿಲ್ಲ. ಹತ್ತು ಹನ್ನೆರಡು ವರ್ಷ ಓಡಿದ್ದಾದರೆ ತಾಯಿಯ ಬಂಗಾರ ಅಡವಿಟ್ಟು, ಸೊಸೈಟಿಯ ಸಾಲ ಸೇರಿಸಿ ಹೇಗೋ ಹೊಂದಿಸಬಹುದು. ಅಡವಿಟ್ಟ ಬಂಗಾರ ಮನೆಗೆ ಮರಳುವುದೋ ಇಲ್ಲವೋ ಎಂಬುದು ಗಾಡಿ ಕೊಳ್ಳುವ ಮೊದಲ ಒಂದು ಗಂಟೆಯಲ್ಲೇ ಮುಕ್ಕಾಲು ಪಾಲು ತೀರ್ಮಾನವಾಗಿಬಿಡುತ್ತದೆ.

ದಲ್ಲಾಳಿ ಮೊದಲು ತೋರಿಸುವುದು ಹೊಸ ಬಣ್ಣವನ್ನು. "ಒಂದ ಕೈಯಾಗ ಓಡಿದ ಗಾಡಿ ಐತಿ ತಮ್ಮಾ, ಕಣ್ಣ ಮುಚ್ಚಿ ತಗೋ" ಎನ್ನುತ್ತಾನೆ. ಕಣ್ಣು ಮುಚ್ಚಿದವನಿಗೆ ಕಾಣದ್ದೆಲ್ಲ ಗಾಡಿಯ ಅಡಿಯಲ್ಲಿರುತ್ತದೆ. ಜೊತೆಗೆ ಬಂದ ಮಿಸ್ತ್ರಿ ಪಳಗಿದವನಾದರೆ ಬಣ್ಣದ ಕಡೆ ತಿರುಗಿಯೂ ನೋಡುವುದಿಲ್ಲ. ಗೋಣಿಚೀಲ ಹಾಸಿ ಗಾಡಿಯ ಕೆಳಗೆ ನುಸುಳಿ, ಪಾಟಾ ಕೂಡಿಸಿದ ಜಾಗದಲ್ಲಿ ಚಾಸಿ ಬಿರುಕು ಬಿಟ್ಟಿದೆಯೇ, ಬಿರುಕಿನ ಮೇಲೆ ವೆಲ್ಡಿಂಗ್ ಮಾಡಿ ಕರಿ ಬಣ್ಣ ಬಳಿದಿದ್ದಾರೆಯೇ ಎಂದು ಸ್ಕ್ರೂಡ್ರೈವರಿನ ತುದಿಯಿಂದ ಕೆದಕುತ್ತಾನೆ. ಹಳೇ ದೋಣಿ ಕೊಳ್ಳುವಾಗ ವಿದೇಶಗಳಲ್ಲಿಯೂ ಹೀಗೆಯೇ. ದೋಣಿಯನ್ನು ನೀರಿನಿಂದ ಎತ್ತಿಸಿ, ಪರೀಕ್ಷಕನಿಂದ ಅದರ ತಳವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿಸಿ ಟೊಳ್ಳಾದ ಕಡೆ ಗುರುತು ಹಾಕಿಸುತ್ತಾರೆ. ನೀರಾಗಲಿ ನೆಲವಾಗಲಿ, ಬಣ್ಣದ ಕೆಳಗಿನ ಕೊಳೆತವೇ ಹೊಸ ಮಾಲೀಕನನ್ನು ಮುಳುಗಿಸುವುದು.

ಇಂಜಿನ್ ನೋಡುವುದಕ್ಕೆ ಬೆಳಿಗ್ಗೆ ಹೋಗಬೇಕು, ಅದು ತಣ್ಣಗಿರುವಾಗಲೇ. ಕೊಳ್ಳುವವನು ಬರುವ ಮೊದಲೇ ಒಂದು ಸುತ್ತು ಓಡಿಸಿ ಬಿಸಿ ಮಾಡಿಟ್ಟರೆ ಚಾಲೂ ಆಗುವ ತೊಂದರೆ ಮುಚ್ಚಿಹೋಗುತ್ತದೆ. ಕರಿ ಹೊಗೆ ಬಂದರೆ ಪಂಪು, ನೋಝಲ್ ಅಥವಾ ಏರ್ ಫಿಲ್ಟರಿನ ಕೆಲಸ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಪಿಸ್ಟನ್ ರಿಂಗು ಸವೆದಿರಬಹುದು, ಅದು ದೊಡ್ಡ ಖರ್ಚು. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಆಯಿಲು ಹಾಲಿನ ಬಣ್ಣಕ್ಕೆ ತಿರುಗಿದ್ದರೆ, ನೀರು ಒಳಗೆ ಸೇರಿದೆ ಎಂದರ್ಥ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಬುಸುಬುಸು ಹೊಗೆ ಎದ್ದರೂ ಮಿಸ್ತ್ರಿ ತಲೆ ಅಲ್ಲಾಡಿಸುತ್ತಾನೆ. ಕೈಯಿಂದ ಬಿಚ್ಚಿ ಕಟ್ಟಬಹುದಾದ ಪಂಪಿನ ಹಳೆಯ ಇಂಜಿನ್ನುಗಳನ್ನು ಯಾವ ಊರಿನ ಗ್ಯಾರೇಜಿನಲ್ಲಾದರೂ ನಿಭಾಯಿಸಿಯಾರು. ಸೆನ್ಸರುಗಳಿರುವ ಇತ್ತೀಚಿನವಕ್ಕೆ ಕಂಪ್ಯೂಟರ್ ಹಚ್ಚಿ ನೋಡುವವನೇ ಬೇಕು.

ಟಯರಿನ ಪಕ್ಕೆಯ ಮೇಲೆ ನಾಲ್ಕು ಅಂಕಿಯ ಒಂದು ಸಣ್ಣ ಗುರುತಿರುತ್ತದೆ. ವಿದ್ಯಾರ್ಥಿಗಳು ತಮ್ಮ ಶಾಲೆಯ ಗಾಡಿಯ ಮೇಲೂ ಹುಡುಕಿ ನೋಡಬಹುದು. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದು ಓದಬೇಕು. ಗೆರೆ ಆಳವಾಗಿಯೇ ಇದ್ದರೂ ವಯಸ್ಸಾದ ರಬ್ಬರು ಗಟ್ಟಿಯಾಗಿ ಬಿರಿಯುತ್ತದೆ. ಹಳೆಯ ಟಯರಿಗೆ ಕರಿ ಪಾಲಿಶ್ ಹೊಡೆದು ನಿಲ್ಲಿಸಿದ ಗಾಡಿ ನೋಡಲು ಮದುಮಗನಂತಿರುತ್ತದೆ!

ಗಾಡಿ ಒಪ್ಪಿತವಾದ ಮೇಲೆ ಕಾಗದ. ಇಲ್ಲಿ ಅನುಭವ ಇಲ್ಲದವನು ಮಾಡುವ ಅವಸರ ಎಲ್ಲಕ್ಕಿಂತ ದುಬಾರಿ. ಬೈಲಹೊಂಗಲಕ್ಕೆ ತನ್ನದೇ ಸಾರಿಗೆ ಕಚೇರಿ ಉಂಟು. ಕೆಎ 24 ಎಂದರೆ ಅದೇ. ಚಾಸಿಯ ಮೇಲೆ ಕೊರೆದ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಮೂಡಿದ ಅಂಕಿಗಳನ್ನು ಆರ್.ಸಿ. ಪುಸ್ತಕದ ಅಂಕಿಗಳೊಡನೆ ಹೋಲಿಸಬೇಕು. ಹಳೆಯ ಮಾಲೀಕ ಸಾಲ ತೆಗೆದಿದ್ದರೆ ಫೈನಾನ್ಸಿನವರ ಪತ್ರ ಪಡೆದು ಆ ನಮೂದನ್ನು ತೆಗೆಸಬೇಕು. ಖರೀದಿಸಿದ ಮೂವತ್ತು ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಹೋಗಬೇಕು. "ನಿಧಾನಕ್ಕ ಮಾಡಿಸಿದ್ರಾತು" ಎಂಬ ಮಾತು ಮಾರುವವನಿಗೂ ಅಪಾಯವೇ. ರಿಜಿಸ್ಟರಿನಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಅಪಘಾತದ ಪರಿಹಾರದ ಹೊಣೆಯೂ ಅವನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ವಿಮೆಯನ್ನೂ ಹೊಸ ಹೆಸರಿಗೆ ಬರೆಸಬೇಕು. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಯನ್ನು ಪ್ರತಿ ವರ್ಷವೂ ತಪಾಸಣೆಗೆ ಒಯ್ದು ಫಿಟ್ನೆಸ್ ಪತ್ರ ಪಡೆಯಲೇಬೇಕು.

ಇಷ್ಟಾದ ಮೇಲೆ ಗ್ಯಾರೇಜು. ರಿಪೇರಿಗೆಂದು ಎತ್ತಿಟ್ಟ ರೊಕ್ಕ ಯಾವಾಗಲೂ ಕಡಿಮೆಯೇ. ಹುಡುಗನ ಮನಸ್ಸು ಹೊಸ ಸೀಟು ಕವರು, ಬಣ್ಣದ ಲೈಟು, ಕಿವಿ ಕಿತ್ತುಹೋಗುವ ಡೆಕ್ಕಿನ ಮೇಲೆ. ತಂದೆ ಮೂಲೆಯಲ್ಲಿ ಕುಳಿತು ಲೆಕ್ಕ ಹಾಕುತ್ತಿರುತ್ತಾನೆ. ಇಂಥ ಹೊತ್ತಿನಲ್ಲಿ "ಕಾಕಾ, ಬಣ್ಣಕ್ಕ ರೊಕ್ಕ ಹಾಕಬ್ಯಾಡ್ರಿ, ಮೊದಲ ಬ್ರೇಕಿಗೆ ಹಾಕ್ರಿ" ಎನ್ನುವ ಮಿಸ್ತ್ರಿ ಸಿಕ್ಕರೆ ಆ ಮನೆಯ ಪುಣ್ಯ. ಬ್ರೇಕು, ಸ್ಟೇರಿಂಗಿನ ಜಾಯಿಂಟುಗಳು, ಟಯರು, ರೇಡಿಯೇಟರು, ವೈರಿಂಗು, ಈ ಐದರಲ್ಲಿ ಒಂದೂ ಪ್ರಯಾಣಿಕರ ಕಣ್ಣಿಗೆ ಬೀಳುವುದಿಲ್ಲ, ಬಾಡಿಗೆಯನ್ನು ಒಂದು ರೂಪಾಯಿಯೂ ಹೆಚ್ಚಿಸುವುದಿಲ್ಲ. ಹಣ ಹೋಗಬೇಕಾದದ್ದು ಅಲ್ಲಿಗೇ. ವೈರಿಂಗಿನ ಬಗ್ಗೆ ಒಂದು ಮಾತು: ಹಿಂದಿನ ಮಾಲೀಕರು ಲೈಟು, ಹಾರ್ನು ಎಂದು ಒಂದರ ಮೇಲೊಂದು ಜೋಡಿಸಿದ ತಂತಿಗಳು ಟೇಪಿನ ಗಂಟುಗಳಾಗಿ ನೇತಾಡುತ್ತಿದ್ದರೆ ಪೂರ್ತಿ ಕಿತ್ತು ಹೊಸದು ಎಳೆಸುವುದೇ ಲೇಸು. ಗಾಡಿಗೆ ಬೆಂಕಿ ಹತ್ತಲು ಇಂಥ ಒಂದು ಗಂಟು ಸಾಕು.

ರಿಪೇರಿಯಾದ ಗಾಡಿಗೆ ಮೊದಲ ಪರೀಕ್ಷೆ ಕಿತ್ತೂರಿನ ದಾರಿ. ಬೈಲಹೊಂಗಲದಲ್ಲಿ ರಾಣಿ ಚೆನ್ನಮ್ಮನ ಸಮಾಧಿ. ಸೆರೆಯಲ್ಲಿದ್ದ ರಾಣಿ 1829ರಲ್ಲಿ ಕಣ್ಣು ಮುಚ್ಚಿದ್ದು ಈ ಊರಲ್ಲಿ. ಅದೇ ತಾಲ್ಲೂಕಿನಲ್ಲಿ ರಾಯಣ್ಣನ ಸಂಗೊಳ್ಳಿ. ಕಿತ್ತೂರಿನಲ್ಲಿ ಪಾಳುಬಿದ್ದ ಅರಮನೆ, ಕೋಟೆ, ವಸ್ತುಸಂಗ್ರಹಾಲಯ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದದ್ದು ಈ ಕೋಟೆಯ ಮುಂದಿನ ಕಾಳಗದಲ್ಲಿ. ಹೀಗಾಗಿ ಶಾಲೆಯ ಪ್ರವಾಸಗಳು ಈ ಊರುಗಳನ್ನು ಒಂದೇ ದಿನದಲ್ಲಿ ಪೋಣಿಸುತ್ತವೆ, ಚಿಕ್ಕ ಶಾಲೆಗಳಿಗೆ ಅಗ್ಗಕ್ಕೆ ಸಿಗುವುದು ಕ್ರೂಸರೇ. ಕಿತ್ತೂರಿನ ಬಳಿ ಪುಣೆ-ಬೆಂಗಳೂರು ಹೆದ್ದಾರಿ ಹತ್ತಿದೊಡನೆ ಅನುಭವ ಇಲ್ಲದವನ ಕಾಲು ತಾನಾಗಿಯೇ ಎಕ್ಸಲರೇಟರ್ ಒತ್ತುತ್ತದೆ. ಗಾಡಿ ಎತ್ತರದ್ದು, ಕ್ಯಾರಿಯರ್ ಮೇಲೆ ಪಾತ್ರೆ ಪಡಗ, ಹಾಸಿಗೆ ಹೇರಿದ್ದರೆ ಗುರುತ್ವಕೇಂದ್ರ ಇನ್ನೂ ಮೇಲೇರುತ್ತದೆ. ತಿರುವಿನಲ್ಲಿ ಅಥವಾ ಎದುರಿಗೆ ಬಂದ ನಾಯಿಯನ್ನು ತಪ್ಪಿಸುವ ಗಡಿಬಿಡಿಯಲ್ಲಿ ಅದು ಮಗುಚುವುದು ಇದರಿಂದಲೇ. ಭೌತಶಾಸ್ತ್ರದ ಪುಸ್ತಕದಲ್ಲಿ ಓದಿ ಮರೆತದ್ದು ಇಲ್ಲಿ ಎದುರಿಗೆ ಬರುತ್ತದೆ.

ಮಕ್ಕಳನ್ನು ಕಳಿಸುವ ತಂದೆತಾಯಿಗಳು ಬಾಡಿಗೆ ಎಷ್ಟು ಎಂದು ಕೇಳಿ ಸುಮ್ಮನಾಗುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಇಂಥ ಗಾಡಿಗೆ ಮ್ಯಾಕ್ಸಿ ಕ್ಯಾಬ್ ಎಂದು ಹೆಸರು. ಡ್ರೈವರನನ್ನು ಬಿಟ್ಟು ಗರಿಷ್ಠ ಹನ್ನೆರಡು ಜನ. ಫಿಟ್ನೆಸ್ ಎಂದಿನವರೆಗೆ, ವಿಮೆ ಎಂದಿನವರೆಗೆ, ಎಷ್ಟು ಮಕ್ಕಳನ್ನು ಕೂಡಿಸುತ್ತೀರಿ ಎಂಬ ಮೂರು ಪ್ರಶ್ನೆ ಕೇಳಿದರೆ ಮಾಸ್ತರರು ಬೇಸರಪಡಲಾರರು.

ಸವದತ್ತಿಯದು ಬೇರೆಯೇ ಪರೀಕ್ಷೆ. ರಟ್ಟರು ಆಳಿದ ಈ ಊರಿನ ಹಳೆಯ ಹೆಸರು ಸುಗಂಧವರ್ತಿ. ಹತ್ತಿರದಲ್ಲೇ ನವಿಲುತೀರ್ಥ, ಎರಡು ಗುಡ್ಡಗಳ ನಡುವೆ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು, ಅದರ ಹಿಂದೆ ಸುಮಾರು 37 ಟಿಎಂಸಿ ಅಡಿ ನೀರು ಹಿಡಿಯುವ ರೇಣುಕಾ ಸಾಗರ. ಇನ್ನೊಂದು ಕಡೆ ಎಲ್ಲಮ್ಮನ ಗುಡ್ಡ. ಬನದ ಹುಣ್ಣಿಮೆಯಿಂದ ಭಾರತ ಹುಣ್ಣಿಮೆಯವರೆಗೆ ಮಹಾರಾಷ್ಟ್ರ, ಗೋವಾ, ಆಂಧ್ರಗಳಿಂದಲೂ ಜನ ಬರುತ್ತಾರೆ. ಭಂಡಾರ ಹಾರುತ್ತದೆ, ಉಧೋ ಉಧೋ ಎಂಬ ಕೂಗು ದಾರಿ ತುಂಬ. ಎತ್ತಿನ ಬಂಡಿ, ಟ್ರ್ಯಾಕ್ಟರು, ಬಸ್ಸು, ಕ್ರೂಸರು ಎಲ್ಲವೂ ಒಂದೇ ರಸ್ತೆಯಲ್ಲಿ. ಹೊಸ ಮಾಲೀಕ ವರ್ಷದ ಲೆಕ್ಕವನ್ನು ಈ ಒಂದು ತಿಂಗಳ ಮೇಲೆ ಇಟ್ಟಿರುತ್ತಾನೆ.

ಏರುವಾಗ ಇಂಜಿನ್ ತನ್ನ ದೋಷವನ್ನು ತಾನೇ ಹೇಳುತ್ತದೆ. ನೀರು ಕುದಿಯುತ್ತದೆ, ಮುಳ್ಳು ಮೇಲೇರುತ್ತದೆ, ಗಾಡಿ ನಿಲ್ಲುತ್ತದೆ. ನಿಂತ ಗಾಡಿಯಿಂದ ಯಾರಿಗೂ ಪ್ರಾಣಭಯವಿಲ್ಲ. ಮೋಸ ಇರುವುದು ಇಳಿಯುವಾಗ. ತುಂಬಿದ ಗಾಡಿಯನ್ನು ಬ್ರೇಕಿನ ಮೇಲೆಯೇ ಇಳಿಸುತ್ತ ಬಂದರೆ ಡ್ರಮ್ಮು, ಲೈನರು ಕಾಯುತ್ತವೆ, ಹಿಡಿತ ಸಡಿಲವಾಗುತ್ತದೆ. ಬ್ರೇಕ್ ಆಯಿಲಿಗೆ ಗಾಳಿಯಲ್ಲಿನ ತೇವ ಹೀರುವ ಗುಣವುಂಟು; ವರ್ಷಗಟ್ಟಲೆ ಬದಲಿಸದಿದ್ದರೆ ಅದರಲ್ಲಿ ಸೇರಿದ ನೀರು ಆ ಕಾವಿಗೆ ಆವಿಯಾಗುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಆದ್ದರಿಂದ ಪೆಡಲು ನೆಲಕ್ಕೆ ತಾಗಿದರೂ ಗಾಲಿ ನಿಲ್ಲುವುದಿಲ್ಲ. ಯಾವ ಗಿಯರಿನಲ್ಲಿ ಏರಿದೆಯೋ ಅದೇ ಗಿಯರಿನಲ್ಲಿ ಇಳಿ ಎಂದು ಹಿರಿಯ ಡ್ರೈವರುಗಳು ಹೇಳುವುದು ಇದಕ್ಕೇ. ಎಣ್ಣೆ ಉಳಿಯಲೆಂದು ನ್ಯೂಟ್ರಲ್ ಮಾಡಿ ಗಾಡಿ ಬಿಡುವ ಚಾಳಿ ಅನೇಕರಿಗಿದೆ. ಉಳಿಯುವುದು ಒಂದು ಚಹಾದ ರೊಕ್ಕ!

ಗಳಿಕೆಯ ಲೆಕ್ಕವೂ ಮೊದಲಿನಂತಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಮಹಿಳೆಯರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಗುಡ್ಡಕ್ಕೆ ಹೊರಡುವವರಲ್ಲಿ ಹೆಂಗಸರೇ ಹೆಚ್ಚು. ಅವರು ಬಸ್ಸು ಹತ್ತಿದ್ದು ನ್ಯಾಯವೇ. ಅದರ ಪೆಟ್ಟು ಬಿದ್ದದ್ದು ಕ್ರೂಸರಿನವರ ಮೇಲೆ. ಪೆಟ್ಟನ್ನು ತುಂಬಿಕೊಳ್ಳಲು ಇರುವ ಅಡ್ಡದಾರಿ ಒಂದೇ: ಹನ್ನೆರಡರ ಜಾಗದಲ್ಲಿ ಇಪ್ಪತ್ತು ಜನ, ಹಿಂದಿನ ಮೆಟ್ಟಿಲ ಮೇಲೆ ಇಬ್ಬರು. 2022ರ ಮೇ ತಿಂಗಳಲ್ಲಿ ಧಾರವಾಡ ತಾಲ್ಲೂಕಿನ ಬಾಡ ಗ್ರಾಮದ ಹತ್ತಿರ ಶುಭಕಾರ್ಯ ಮುಗಿಸಿ ರಾತ್ರಿ ಮರಳುತ್ತಿದ್ದವರ ಕ್ರೂಸರ್ ಮರಕ್ಕೆ ಬಡಿದು, ಮಕ್ಕಳೂ ಸೇರಿ ಹಲವರು ಸತ್ತರು. ಮರುತಿಂಗಳೇ ಬೆಳಗಾವಿ ಸಮೀಪ ಕೂಲಿಕಾರರನ್ನು ಹೊತ್ತ ಕ್ರೂಸರ್ ನಾಲೆಗೆ ಉರುಳಿತು. 2023ರ ಜನವರಿಯಲ್ಲಿ ರಾಮದುರ್ಗ ತಾಲ್ಲೂಕಿನ ಚುಂಚನೂರ ಬಳಿ ಎಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದವರು ಹತ್ತಿದ ಸರಕು ವಾಹನ ಆಲದ ಮರಕ್ಕೆ ಗುದ್ದಿ ಆರು ಜನ ಪ್ರಾಣ ಬಿಟ್ಟರು. ಹೆಚ್ಚು ಜನ ಹೇರಿದ ಗಾಡಿಗೆ ಅಪಘಾತವಾದರೆ ವಿಮೆಯ ವಿಚಾರ ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯಬಹುದು. ಅಷ್ಟರಲ್ಲಿ ಅಡವಿಟ್ಟ ಬಂಗಾರದ ಗತಿಯೇನು?

ಸವದತ್ತಿಯಿಂದ ರಾಮದುರ್ಗದ ಕಡೆಗೆ ಹಗಲಿನಲ್ಲಿ ಹೋಗುವುದೇ ಚೆಂದ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆದ ಟ್ರ್ಯಾಕ್ಟರುಗಳು ರಾತ್ರಿ ಹಿಂದಿನ ದೀಪವಿಲ್ಲದೆ ಸಾಗುತ್ತಿರುತ್ತವೆ; ಹೆಡ್‌ಲೈಟ್ ಮಂಕಾದ ಹಳೇ ಗಾಡಿಗೆ ಅವು ಕಾಣುವುದು ತೀರ ಹತ್ತಿರ ಬಂದ ಮೇಲೆ. ರಾಮದುರ್ಗ ಹಿಂದೆ ಭಾವೆ ಮನೆತನದ ಸಂಸ್ಥಾನ, ಈಗ ನೇಕಾರರ ಮಗ್ಗದ ಸದ್ದಿನ ಊರು. ಆಚೆ ಸುರೇಬಾನದ ಶಬರಿಕೊಳ್ಳ, ತೊರಗಲ್ಲಿನ ಕೋಟೆ, ವೀರಭದ್ರನ ಗೊಡಚಿ. ಜಾತ್ರೆಯ ದಿನಗಳಲ್ಲಿ ಅಲ್ಲಿಯೂ ಬಾಡಿಗೆಗೆ ಕೊರತೆಯಿಲ್ಲ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ತಗ್ಗಿನ ಓಣಿಗಳು ನೀರಲ್ಲಿ ನಿಂತಾಗ ಯಾವ ಕ್ರೂಸರೂ ಉಪಯೋಗಕ್ಕೆ ಬರಲಿಲ್ಲ, ನಿಘಂಟಿನ ಅರ್ಥದ್ದೇ ಬೇಕಾಗಿತ್ತು. ಇಂಥ ನೆರೆಯಲ್ಲಿ ಮುಳುಗಿದ ಗಾಡಿಗಳು ತೊಳೆದು, ಬಣ್ಣ ಬಳಿದು ದೂರದ ಊರಿನ ಮಾರಾಟಕ್ಕೆ ಬರುವುದುಂಟು. ಸೀಟಿನ ಬೋಲ್ಟಿನ ತುಕ್ಕು, ಡ್ಯಾಶ್‌ಬೋರ್ಡಿನ ಒಳಮೂಲೆಯ ಒಣಗಿದ ರಾಡಿ, ಬಾಗಿಲು ಮುಚ್ಚಿ ಐದು ನಿಮಿಷ ಕುಳಿತಾಗ ಮೂಗಿಗೆ ಬರುವ ಮುಗ್ಗಲು ವಾಸನೆ, ಈ ಮೂರು ಸಾಕ್ಷಿ ಸಿಕ್ಕರೆ ಬಂದ ದಾರಿ ಹಿಡಿಯುವುದು ಮೇಲು.

ಇಷ್ಟೆಲ್ಲ ದಾಟಿ ಮೊದಲ ಭಾರತ ಹುಣ್ಣಿಮೆಯ ಬಾಡಿಗೆ ಕೈಗೆ ಬಂದಾಗ, ಸಾಲದ ಕಂತು ಕಟ್ಟಿ ಉಳಿದದ್ದರಲ್ಲಿ ಬಣ್ಣ ಹೊಡೆಸಬಹುದು. ಆಗ ಪೇಂಟರು ಮುಂದಿನ ಗಾಜಿನ ಮೇಲೆ ಎಲ್ಲಮ್ಮನ ಹೆಸರು ಬರೆದು, ಹಿಂದಿನ ಬಾಗಿಲಿಗೆ ಏನು ಬರೆಯಲಿ ಎಂದು ಕೇಳುತ್ತಾನೆ. ತಾಯಿಯ ಹೆಸರು ಹೇಳುವ ಹುಡುಗರೇ ಹೆಚ್ಚು.