ಬ್ಲೀಚಿಂಗ್ ಪೌಡರ್ ಮತ್ತು ನನ್ನ ಚಡ್ಡಿ

ಬೆಳಿಗ್ಗೆ ಅಡುಗೆಮನೆಗೆ ಕಾಲಿಟ್ಟರೆ, ತಂತಿಯ ಮೇಲೆ ಒಣಗುತ್ತಿದ್ದ ನನ್ನ ಈಜುಚಡ್ಡಿಯಿಂದ ನಮ್ಮ ಮನೆಯಾಕೆ ಗ್ಯಾಸ್ ಕಟ್ಟೆ ಒರೆಸುತ್ತಿದ್ದಳು. ನಾನು ಹೌಹಾರಿದೆ. "ಹಳೇ ಬಟ್ಟೆ ಅಂದ್ಕೊಂಡೆ ಕಣ್ರೀ. ಇದನ್ನ ಹಾಕ್ಕೊಂಡು ನಾಲ್ಕು ಜನದ ಮುಂದೆ ನಿಂತ್ಕೊಳ್ತೀರಾ?" ಅಂದಳು. ಸಿಟ್ಟಿನಿಂದ ಕಿತ್ತುಕೊಂಡು ಬೆಳಕಿಗೆ ಹಿಡಿದೆ. ಕೊಂಡಾಗ ಅಚ್ಚ ನೀಲಿಯಾಗಿದ್ದದ್ದು ಈಗ ಹೆಸರಿಲ್ಲದ ಬಣ್ಣಕ್ಕೆ ತಿರುಗಿದೆ. ಕೂರುವ ಜಾಗದಲ್ಲಿ ನೇಯ್ಗೆ ಜಾಳಾಗಿ ಆಚೆಮನೆಯ ತೆಂಗಿನಮರ ಕಾಣುತ್ತಿದೆ. ಸೊಂಟದ ಪಟ್ಟಿಯಿಂದ ಎಲಾಸ್ಟಿಕ್ಕಿನ ಎಳೆಗಳು ತುಂಡಾದ ಶಾವಿಗೆಯಂತೆ ಇಣುಕುತ್ತಿವೆ. ಎಳೆದರೆ ಎಳೆದಷ್ಟೂ ಬಂತು, ವಾಪಸು ಹೋಗುವ ಮನಸ್ಸು ಮಾತ್ರ ಮಾಡಲಿಲ್ಲ.

ಬಿಡದಿ ಕಡೆಯ ಒಂದು ಕೊಳಕ್ಕೆ ಹೋಗಿ ಬರುವ ನನ್ನಂಥವರ ಚಡ್ಡಿಗಳೆಲ್ಲ ಸಾಯುವುದು ಹೀಗೆಯೇ. ಕೊಲೆಗಾರ ಯಾರೆಂದು ಎಲ್ಲರಿಗೂ ಗೊತ್ತು: ಕ್ಲೋರಿನ್. ಲೈಕ್ರಾ ಎಂಬ ಹಿಗ್ಗುವ ನೂಲು 1958ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ಹುಟ್ಟಿದ್ದು. ಅದರ ಎಳೆಯೊಳಗಿನ ಕೊಂಡಿಗಳನ್ನು ಕ್ಲೋರಿನ್ ಒಂದೊಂದಾಗಿ ಕಡಿಯುತ್ತದೆ. ಪಾಲಿಯೆಸ್ಟರ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಹೆಚ್ಚು ದಿನ ಬಾಳುತ್ತದೆ. ಈಜಿ ಬಂದ ಕೂಡಲೇ ತಣ್ಣೀರಲ್ಲಿ ಜಾಲಿಸಬೇಕು, ಹಿಂಡಬಾರದು, ನೆರಳಲ್ಲಿ ಒಣಗಿಸಬೇಕು, ಒದ್ದೆಯದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸ್ಕೂಟರ್ ಡಿಕ್ಕಿಯಲ್ಲಿ ಮರೆಯಬಾರದು. ಮೈಗಾದರೆ ಸೋಪುಸ್ನಾನ, ಆರುವ ಮೊದಲೇ ಒಂದಿಷ್ಟು ಕೊಬ್ಬರಿ ಎಣ್ಣೆ. ಇವೆಲ್ಲ ಗೊತ್ತಿರುವ ಮಾತು, ಬಿಡಿ.

ನನಗೆ ನಗು ಬರುವುದು ಬೇರೆ ಕಾರಣಕ್ಕೆ. ಕ್ಲೋರಿನ್ ಅಂದರೆ ಏನೋ ಪೇಟೆಯವರ ಹೊಸ ಪೀಡೆ ಎಂಬಂತೆ ನಮ್ಮ ರಾಮನಗರದವರೇ ಮಾತಾಡುತ್ತಾರಲ್ಲ! ಏಷ್ಯಾದ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲೊಂದನ್ನು ಊರೊಳಗೆ ಇಟ್ಟುಕೊಂಡ ನಾವು ಕ್ಲೋರಿನ್ನಿನ ಹಳೇ ನೆಂಟರು. ಮಾಗಡಿ, ಕನಕಪುರ, ಚನ್ನಪಟ್ಟಣದ ಯಾವ ಹಳ್ಳಿಗಾದರೂ ಹೋಗಿ ಹುಳು ಸಾಕುವವರನ್ನು ಕೇಳಿ. ಒಂದು ಬೆಳೆ ಮುಗಿದು ಗೂಡು ಮಾರುಕಟ್ಟೆಗೆ ಹೋದದ್ದೇ ತಡ, ಹುಳುಮನೆ ಗುಡಿಸಿ, ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆ ತೊಳೆದು, ಲೀಟರಿಗೆ 20 ಗ್ರಾಂ ಬ್ಲೀಚಿಂಗ್ ಪೌಡರ್, 3 ಗ್ರಾಂ ಸುಣ್ಣ ಬೆರೆಸಿದ ನೀರನ್ನು ಸೂರಿನಿಂದ ನೆಲದವರೆಗೆ ಹೊಡೆಯುತ್ತಾರೆ. ಇಲ್ಲದಿದ್ದರೆ ಹುಳುಗಳಿಗೆ ಸಪ್ಪೆರೋಗವೋ ಹಾಲುತೊಂಡೆಯೋ ಬಂದು ಮುಂದಿನ ಬೆಳೆ ಕೈಗೆ ಹತ್ತುವುದಿಲ್ಲ. ಈಜುಕೊಳದ ನೀರಲ್ಲಿ ಇರಬೇಕಾದ ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ. ಹುಳುಮನೆಗೆ ಹೊಡೆಯುವ ನೀರಿನಲ್ಲಿ ಅದರ ಸಾವಿರಾರು ಪಟ್ಟು. ಮೂಗಿಗೆ ಟವೆಲ್ ಕಟ್ಟಿಕೊಂಡು ಅದನ್ನು ಹೊಡೆಯುವ ನನ್ನ ನೆಂಟರೊಬ್ಬರು, ಮೊಮ್ಮಗನನ್ನು ಈಜಿಗೆ ಸೇರಿಸಿದ ಮೇಲೆ "ಆ ಔಷಧಿ ನೀರಾಗೆ ಮಗೀನ ತಲೆ ಕೆಂಚಗಾಗೋಯ್ತು" ಎಂದು ನನ್ನೊಂದಿಗೆ ಜಗಳಕ್ಕೆ ಬಂದರು.

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ರೇಷ್ಮೆಯೂ ಪ್ರೋಟೀನು, ಕೂದಲೂ ಪ್ರೋಟೀನು. ಬಟ್ಟೆ ಬಿಳಿ ಮಾಡುವ ಗಟ್ಟಿ ದ್ರಾವಣದಲ್ಲಿ ರೇಷ್ಮೆಯ ಎಳೆ ಹಾಕಿಟ್ಟರೆ ಬಿಳಿಯಾಗುವುದಿರಲಿ, ಎಳೆಯೇ ಕರಗಿಹೋಗುತ್ತದೆ. ಮದುವೆ ಸೀರೆಗೆ ಬ್ಲೀಚ್ ಮುಟ್ಟಿಸದ ನಮ್ಮ ಹೆಂಗಸರಿಗೆ ಈ ಪಾಠವನ್ನು ಯಾವ ಮೇಷ್ಟರೂ ಹೇಳಿಕೊಡಬೇಕಾಗಿಲ್ಲ. ಹೋಗಲಿ, ಈಜುವವರು ರೇಷ್ಮೆಯನ್ನೇ ಉಟ್ಟ ಕಾಲವೂ ಒಂದಿತ್ತು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಹೆಣ್ಣುಮಕ್ಕಳಿಗೆ ಮೊದಲ ಸಲ ಈಜಿನ ಸ್ಪರ್ಧೆ ಇಟ್ಟಾಗ, ಬ್ರಿಟನ್ನಿನ ನಾಲ್ವರು ತೆಳು ರೇಷ್ಮೆಯ ಉಡುಗೆಯಲ್ಲಿ ರಿಲೇ ಚಿನ್ನ ಗೆದ್ದರು. ಆ ಸ್ಪರ್ಧೆ ನಡೆದದ್ದು ಸಮುದ್ರದ ಕೊಲ್ಲಿಯಲ್ಲಿ, ಕ್ಲೋರಿನ್ ಇಲ್ಲದ ನೀರಲ್ಲಿ. ಇಲ್ಲದಿದ್ದರೆ ಅವರ ರೇಷ್ಮೆಯ ಗತಿಯೂ ನನ್ನ ಚಡ್ಡಿಯ ಗತಿಯೇ!

ಕೂದಲಿಗೆ ಉಪಾಯ ಇಲ್ಲವೆಂದಲ್ಲ. ಒಣಗಿದ ಕೂದಲು ಕೊಳದ ನೀರನ್ನು ಗಟಗಟ ಕುಡಿಯುತ್ತದೆ. ಮೊದಲೇ ನಲ್ಲಿಯಡಿ ತಲೆಯೊಡ್ಡಿ ಒಳ್ಳೆಯ ನೀರು ಕುಡಿಸಿದರೆ ಆಮೇಲೆ ಅದಕ್ಕೆ ಅಷ್ಟು ದಾಹ ಇರುವುದಿಲ್ಲ. ಮೇಲೊಂದು ಕ್ಯಾಪು. ಎಣ್ಣೆ ಸುರಿದುಕೊಂಡು ಇಳಿಯಬೇಡಿ ಎಂದು ಕೊಳದವರು ಬೋರ್ಡು ಹಾಕುವುದು ಸರಿಯಾಗಿಯೇ ಇದೆ, ಅದು ನೀರ ಮೇಲೆ ತೇಲಿ ಫಿಲ್ಟರಿಗೆ ಮೆತ್ತಿಕೊಳ್ಳುತ್ತದೆ. ಹರಳೆಣ್ಣೆಯ ಅಭಿಮಾನವನ್ನೆಲ್ಲ ರಾತ್ರಿ ಮನೆಯಲ್ಲಿ ತೋರಿಸಬಹುದು.

ಆದರೆ ನೀರಿಗಿಳಿಯುವ ಮುಂಚೆ ನಲ್ಲಿಯಡಿ ನಿಲ್ಲಬೇಕು ಎಂದರೆ ಸಾಕು, ನಮ್ಮವರಿಗೆ ಅವಮಾನ. "ನೀರಿಗೆ ಇಳಿಯೋಕೇ ಬಂದಿರೋದು, ಅದಕ್ಮುಂಚೆ ಇನ್ನೊಂದು ಸ್ನಾನ ಯಾಕೆ ಸಾರ್?" ಎನ್ನುತ್ತಾರೆ. ಮೊನ್ನೆ ಒಬ್ಬರು ಬೈಕಿನಿಂದ ಇಳಿದವರೇ ಹೈವೇಯ ಧೂಳು, ಬೆವರು, ಹಿಂದಿನ ದಿನದ ಪೌಡರು ಸಮೇತ ಧುಮುಕಿದರು. ತಲೆ ಮೇಲೆತ್ತಿ ಮೂಗರಳಿಸಿ, "ಆಹಾ, ಘಾಟು ಜೋರಾಗೈತೆ, ಇವತ್ತು ನೀರು ಕ್ಲೀನು" ಅಂದರು. ನನ್ನ ಮೈಯೆಲ್ಲ ಉರಿದುಹೋಯಿತು. ಆ ಘಾಟು ಕ್ಲೋರಿನ್ನಿನದಲ್ಲ ಸ್ವಾಮಿ, ನಮ್ಮದು. ನಮ್ಮ ಬೆವರು ಮತ್ತು ಹೇಳಬಾರದ ಇನ್ನೊಂದರ ಜತೆ ಕ್ಲೋರಿನ್ ಸೇರಿದಾಗ ಕ್ಲೋರಮೈನ್ ಎಂಬುದು ಹುಟ್ಟುತ್ತದೆ. ಕಣ್ಣು ಕೆಂಪಾಗಿಸುವುದು, ಕೆಮ್ಮು ಬರಿಸುವುದು ಹೆಚ್ಚಾಗಿ ಅದೇ. ಸರಿಯಾಗಿ ನೋಡಿಕೊಂಡ ಕೊಳಕ್ಕೆ ಅಷ್ಟು ವಾಸನೆಯೇ ಇರುವುದಿಲ್ಲ.

ನೀರೊಳಗೆ ಯಾರಿಗೆ ಬೆವರು ಬರುತ್ತದೆ ಎಂದು ಕೇಳುವವರು ರನ್ನನನ್ನು ಓದಿಲ್ಲ. ಗದಾಯುದ್ಧದಲ್ಲಿ ದುರ್ಯೋಧನ ವೈಶಂಪಾಯನ ಸರೋವರದ ತಳದಲ್ಲಿ ಅಡಗಿ ಕೂತಿದ್ದಾನೆ. ದಡದಿಂದ ಭೀಮನ ಗರ್ಜನೆ ಕೇಳಿದ್ದೇ ಅವನ ಮೈ ನೀರಿನ ನಡುವೆಯೂ ಬೆವೆತುಬಿಡುತ್ತದೆ. ಸಾವಿರ ವರ್ಷದಿಂದ ಪಂಡಿತರು ಅದರ ರಸ, ಅಲಂಕಾರ ಹೇಳಿ ತಲೆದೂಗುತ್ತಾ ಬಂದಿದ್ದಾರೆ. ನಾನು ಮಾತ್ರ ಅದನ್ನು ಓದಿದಾಗೆಲ್ಲ ಆ ಕೊಳದ ನೀರಿನ ಬಗ್ಗೆ ಯೋಚಿಸುತ್ತೇನೆ. ಹದಿನೆಂಟು ದಿನ ಯುದ್ಧ ಮಾಡಿದ ಮೈ, ರಕ್ತ, ರಣಧೂಳು, ಮೇಲೆ ಈ ಬೆವರು. ಪಾಂಡವರು ಅವನನ್ನು ಬೇಗ ಹೊರಗೆ ಕರೆದದ್ದು ಸರೋವರದ ಮೀನುಗಳ ಪುಣ್ಯ.

"ನಾವೆಲ್ಲ ಬಾವೀಲಿ ಈಜಿದೋರು, ನಮಗೇನಾಗಿದೆ?" ಎನ್ನುವ ಗುಂಪೊಂದಿದೆ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಸಿಕೊಂಡು ತೋಟದ ಬಾವಿಗೆ ಧುಮುಕಿದವರಲ್ಲಿ ನಾನೂ ಒಬ್ಬ. ಲಂಗೋಟಿಗೆ ಎಲಾಸ್ಟಿಕ್ ಸಡಿಲವಾಗುವ ಭಯ ಇರಲಿಲ್ಲ ನಿಜ. ಆದರೆ ಏನಾದರೂ ಆದವರು ಈಗ ಬಂದು ಹೇಳುವ ಸ್ಥಿತಿಯಲ್ಲಿಲ್ಲವಲ್ಲ! ಆ ಬಾವಿಗಳೂ ಇಲ್ಲ, ಬೋರ್‌ವೆಲ್ಲುಗಳು ಬಂದು ಬತ್ತಿಹೋದವು. ನಂದಿಬೆಟ್ಟದ ಕಡೆಯಿಂದ ಹರಿದು ಬರುವ ಅರ್ಕಾವತಿಗೆ ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಸೇರುತ್ತಾಳೆ. ಆ ನೀರಿಗೆ ಕಾಲಿಡುವ ಧೈರ್ಯ ನನಗಿಲ್ಲ. ಉಳಿದದ್ದು ಮಂಚನಬೆಲೆಯ ಹಿನ್ನೀರು, ಸಂಗಮ, ಮೇಕೆದಾಟು. ನೋಡಲು ಚೆಂದ. ತಳದ ಕೆಸರು, ಬಂಡೆಯ ಸಂದು, ಸುಳಿ ಮಾತ್ರ ದಡದಲ್ಲಿ ನಿಂತವರಿಗೆ ಕಾಣುವುದಿಲ್ಲ. ಎಚ್ಚರಿಕೆಯ ಫಲಕದ ಪಕ್ಕದಲ್ಲೇ ಬಟ್ಟೆ ಬಿಚ್ಚಿಟ್ಟು ಇಳಿದು, ಮರಳಿ ಬಾರದ ಹುಡುಗರ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ.

ಆದ್ದರಿಂದ ರಜೆಯಲ್ಲಿ ಆ ಕಡೆ ಹೋದರೆ ದಡದಲ್ಲಿ ಕೂತು ಬುತ್ತಿ ಬಿಚ್ಚಿ ಉಂಡು ಬನ್ನಿ. ಮಕ್ಕಳಿಗೆ ಈಜು ಕಲಿಸುವುದಾದರೆ ತಳ ಕಾಣುವ, ಕಾಯುವವರಿರುವ ಕೊಳದಲ್ಲೇ ಕಲಿಸಿ. ತಲೆ ಕೆಂಚಾದರೆ ಆಗಲಿ.